ಗುಬ್ಬಿಯ ಶಾಲೆ, ಸೇಂಟ್ ಮಾರ್ಕ್ಸ್ ರಸ್ತೆಯ ಶಾಲೆ: ಒಂದೇ ಸಭಾಪ್ರಾಂತದ ಎರಡು ದಾರಿ

ತಿಪಟೂರು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ ತಂದೆ ‘ಕಾನ್ವೆಂಟಿಗೆ ಹಾಕಿದ್ದೀವಿ’ ಎನ್ನುತ್ತಾನೆ. ಆ ಶಾಲೆಯಲ್ಲಿ ಕ್ರೈಸ್ತ ಸನ್ಯಾಸಿನಿಯರು ಇರಬೇಕೆಂದೇನೂ ಇಲ್ಲ. ಶಾಲೆಯ ಹೆಸರು ಊರ ದೇವರದ್ದಾಗಿರಬಹುದು, ಮಠದ ಹಿರಿಯ ಸ್ವಾಮಿಗಳದ್ದಾಗಿರಬಹುದು. ತೋಟದ ಸಾಲಿನ ನಡುವೆ ಧೂಳೆಬ್ಬಿಸುತ್ತ ಬರುವ ಹಳದಿ ವ್ಯಾನು, ಕೊರಳಲ್ಲೊಂದು ಟೈ, ಚೀಲದಲ್ಲಿ ಇಂಗ್ಲಿಷ್ ಪುಸ್ತಕ, ಇಷ್ಟಿದ್ದರೆ ಅದು ಕಾನ್ವೆಂಟು. ಚರ್ಚ್ ಶಾಲೆಯ ಕೀರ್ತಿ ಚರ್ಚಿನ ನೆರಳೇ ಇಲ್ಲದ ಕಟ್ಟಡಗಳಿಗೂ ಅಂಟಿಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಆ ಕೀರ್ತಿಯನ್ನು ಸಂಪಾದಿಸಿದ ಸಂಸ್ಥೆಗಳನ್ನು ಇಂದು ಯಾರು ನಡೆಸುತ್ತಿದ್ದಾರೆ, ಯಾವ ಉದ್ದೇಶದಿಂದ ನಡೆಸುತ್ತಿದ್ದಾರೆ, ಹಳ್ಳಿಯ ಕನ್ನಡ ಶಾಲೆಗೂ ಬೆಂಗಳೂರಿನ ಹೆಸರಾಂತ ಶಾಲೆಗೂ ಒಂದೇ ನಾಯಕತ್ವ ಸಾಲುತ್ತದೆಯೇ ಎಂಬ ಪ್ರಶ್ನೆ ಈಗ ಮುನ್ನೆಲೆಗೆ ಬಂದಿದೆ. ಅದಕ್ಕೆ ಕಾರಣ ಸುಪ್ರೀಂ ಕೋರ್ಟಿನ ಒಂದು ತೀರ್ಪು. 2025ರ ಸೆಪ್ಟೆಂಬರ್ 1ರಂದು ನ್ಯಾಯಮೂರ್ತಿ ದೀಪಂಕರ್ ದತ್ತ ಮತ್ತು ನ್ಯಾಯಮೂರ್ತಿ ಮನಮೋಹನ್ ಅವರ ಪೀಠವು, ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದ ಸಂಪೂರ್ಣವಾಗಿ ಹೊರಗಿಟ್ಟ 2014ರ ಸಂವಿಧಾನ ಪೀಠದ ತೀರ್ಪು ಸರಿಯೇ ಎಂಬ ಸಂದೇಹವನ್ನು ಎತ್ತಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸುವ ಕುರಿತು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇರಿಸುವಂತೆ ಸೂಚಿಸಿತು. ಇದು ಚರ್ಚ್ ಶಾಲೆಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಆದರೂ ನಮ್ಮ ಜಿಲ್ಲೆಯ ಮಟ್ಟಿಗೆ ಅದರ ಅರ್ಥವನ್ನು ತಿಳಿಯಬೇಕಾದರೆ ಮೊದಲು ಗುಬ್ಬಿಗೆ ಹೋಗಬೇಕಾಗುತ್ತದೆ.

ಸಂತೆಯ ಊರಿನ ಶಾಲೆ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ನಾಟಕ ಕಂಪನಿ. ಕಂಪನಿ ಹುಟ್ಟಿದ್ದು 1884ರಲ್ಲಿ. ಅದಕ್ಕೆ ಸುಮಾರು ಅರ್ಧ ಶತಮಾನದ ಮೊದಲೇ, 1830ರ ದಶಕದ ಕೊನೆಯ ಭಾಗದಲ್ಲಿ, ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ಅಲ್ಲಿ ನೆಲೆಯೂರಿದ್ದರು. ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಒಳನಾಡಿನ ಈ ಊರನ್ನು ಅವರು ಆರಿಸಿಕೊಂಡದ್ದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಗುಬ್ಬಿ ಆಗ ದೊಡ್ಡ ಸಂತೆಯ ಊರು. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಗುಬ್ಬಿಯನ್ನೂ ಚಿಕ್ಕನಾಯಕನಹಳ್ಳಿಯನ್ನೂ ಅಲ್ಲಿನ ವ್ಯಾಪಾರವನ್ನೂ ದಾಖಲಿಸಿದ್ದಾನೆ. ಅಡಕೆ, ಕೊಬ್ಬರಿ, ಬಟ್ಟೆ ಕೊಳ್ಳಲು ದೂರದ ಸೀಮೆಗಳಿಂದ ಜನ ಬಂದು ಸೇರುವಲ್ಲಿ ಮಾತನಾಡುವವನಿಗೂ ಕೇಳುಗರು ಸಿಗುತ್ತಾರೆ.

ಅಲ್ಲಿ ದುಡಿದವರಲ್ಲಿ ಇಬ್ಬರ ಹೆಸರು ಉಳಿದಿದೆ. ಒಬ್ಬರು ಥಾಮಸ್ ಹಾಡ್ಸನ್. ಇಂಗ್ಲಿಷ್ ಬಲ್ಲವರಿಗಾಗಿ ಅವರು ಬರೆದ ಕನ್ನಡ ವ್ಯಾಕರಣ 1864ರಲ್ಲಿ ಬೆಂಗಳೂರಿನಲ್ಲಿ ಎರಡನೆಯ ಮುದ್ರಣ ಕಂಡಿತು. ಇನ್ನೊಬ್ಬರು ವಿಲಿಯಂ ಆರ್ಥರ್. ಇಪ್ಪತ್ತರ ಹರೆಯದಲ್ಲಿ ಗುಬ್ಬಿಗೆ ಬಂದು, ಅನಾರೋಗ್ಯದ ನಿಮಿತ್ತ 1841ರಲ್ಲೇ ಹಿಂದಿರುಗಿದ ಅವರು 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಒಂದು ಪುಸ್ತಕವನ್ನೇ ಬರೆದರು. ಮುಂದೆ ಇಂಗ್ಲೆಂಡಿನ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷರೂ ಆದರು. ಈ ಮಂದಿ ಬಂದ ಉದ್ದೇಶ ಧರ್ಮಪ್ರಚಾರ ಎಂಬುದನ್ನು ಅವರು ಮುಚ್ಚಿಡಲಿಲ್ಲ, ನಾವೂ ಮರೆಯಬೇಕಾಗಿಲ್ಲ. ಆದರೆ ಅವರ ಶಾಲೆಗಳಲ್ಲಿ ಅಕ್ಷರ ಕಲಿತವರ ಸಂಖ್ಯೆಗೂ ದೀಕ್ಷಾಸ್ನಾನ ಪಡೆದವರ ಸಂಖ್ಯೆಗೂ ಹೋಲಿಕೆಯೇ ಇರಲಿಲ್ಲ. ಜನ ತಮಗೆ ಬೇಕಾದುದನ್ನು ತೆಗೆದುಕೊಂಡರು, ಬೇಡವಾದುದನ್ನು ಬಿಟ್ಟರು. ಸಂತೆಯ ಊರಿನ ಜನರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ ಆ ಹಳ್ಳಿ ಶಾಲೆಗಳ ಬೋಧನಾ ಭಾಷೆ ಕನ್ನಡವಾಗಿತ್ತು. ವ್ಯಾಕರಣ, ನಿಘಂಟು, ಮುದ್ರಣಾಲಯ ಎಲ್ಲವೂ ಈ ಅಗತ್ಯದಿಂದಲೇ ಬೆಳೆದವು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯವನ್ನು ನಡೆಸಿದ ಜಾನ್ ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಅವರ ನಂತರ ಆ ಇಲಾಖೆಗೆ ಬಂದ ಬಿ.ಎಲ್. ರೈಸ್, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. 1868ರ ಸುಮಾರಿನಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಜಾರಿಗೆ ಬಂದದ್ದು ಅವರ ಕಾಲದಲ್ಲಿ. 1876-78ರ ಮಹಾ ಕ್ಷಾಮದಲ್ಲಿ ತಬ್ಬಲಿಗಳಾದ ಮಕ್ಕಳಿಗೆ ವೆಸ್ಲಿಯನ್ನರು ತುಮಕೂರು ಮತ್ತು ಹಾಸನಗಳಲ್ಲಿ ಅನಾಥಾಲಯಗಳನ್ನು ತೆರೆದರು. 1887ರಿಂದ ಮೈಸೂರಿನಲ್ಲಿ ‘ವೃತ್ತಾಂತ ಪತ್ರಿಕೆ’ ಹೊರಡಿಸಿದವರೂ ಅವರೇ. ಅಂದರೆ ಈ ಪರಂಪರೆಯ ಬೇರು ಇದ್ದದ್ದು ಹಳ್ಳಿಯಲ್ಲಿ, ಬಡತನದಲ್ಲಿ ಮತ್ತು ಕನ್ನಡದಲ್ಲಿ.

ಇನ್ನೊಂದು ಪರಂಪರೆ

ಆಂಗ್ಲಿಕನ್ ಸಭೆಯ ಶಾಲೆಗಳು ಹುಟ್ಟಿದ ಬಗೆಯೇ ಬೇರೆ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಮಾರ್ಲ್‌ಬರೊ ಶಾಲೆಯ ಮುಖ್ಯಸ್ಥರಾಗಿ, 1858ರಲ್ಲಿ ಕಲ್ಕತ್ತೆಯ ಬಿಷಪ್ ಆಗಿ ಬಂದ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್, ಇಲ್ಲಿನ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಇಂಗ್ಲೆಂಡಿನ ಮಾದರಿಯ ಶಾಲೆಗಳು ಬೇಕೆಂದು ಬಗೆದರು. 1866ರಲ್ಲಿ ಬಂಗಾಳದ ಕುಷ್ಟಿಯಾದಲ್ಲಿ ಅವರು ನದಿಗೆ ಬಿದ್ದು ಮುಳುಗಿ ತೀರಿಕೊಂಡರು. ಅವರ ಹೆಸರು ಹೊತ್ತ ಬೆಂಗಳೂರಿನ ಶಾಲೆಯನ್ನು 1865ರಲ್ಲಿ ಆರಂಭಿಸಿದವರು ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ಎಂಬ ಪಾದ್ರಿ. ದಂಡಿನ ಪ್ರದೇಶದ ಇಂಗ್ಲಿಷರಿಗಾಗಿ ಹುಟ್ಟಿದ ಈ ಶಾಲೆ, ಸ್ವಾತಂತ್ರ್ಯದ ನಂತರ ರಾಜ್ಯದ ಉನ್ನತ ವರ್ಗದ ಮಕ್ಕಳ ಶಾಲೆಯಾಯಿತು. ಅದರ ಶಿಕ್ಷಣದ ಗುಣಮಟ್ಟವನ್ನು ಯಾರೂ ಅಲ್ಲಗಳೆಯುವುದಿಲ್ಲ.

ಗುಬ್ಬಿಯ ಪರಂಪರೆಯೂ ಸೇಂಟ್ ಮಾರ್ಕ್ಸ್ ರಸ್ತೆಯ ಪರಂಪರೆಯೂ ಒಂದೇ ಮನೆಗೆ ಬಂದದ್ದು 1947ರ ಸೆಪ್ಟೆಂಬರ್ 27ರಂದು. ಆ ದಿನ ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಹಾಗೂ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಸ್ಥಾಪನೆಯಾಯಿತು. ಅದು ಇಂದು ಜಾಗತಿಕ ಆಂಗ್ಲಿಕನ್ ಕೂಟದ ಸದಸ್ಯ. ಮೆಥಡಿಸ್ಟ್ ಕೂಟದ ಸದಸ್ಯವೂ ಹೌದು. ಆಗಿನ ಮೈಸೂರು ಸಭಾಪ್ರಾಂತವನ್ನು 1970ರಲ್ಲಿ ಮೂರಾಗಿ ವಿಂಗಡಿಸಿದಾಗ ತುಮಕೂರು ಸೀಮೆಯು ಬೆಂಗಳೂರು ಕೇಂದ್ರವಾದ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿತು. ಉಳಿದೆರಡರ ಕೇಂದ್ರಗಳು ಧಾರವಾಡ ಮತ್ತು ಮಂಗಳೂರು. ಹೀಗೆ ಕಲ್ಪತರು ನಾಡಿನ ಚರ್ಚಿನ ಶಿಕ್ಷಣದ ವಿಚಾರವೂ ಬಿಷಪ್ ಕಾಟನ್ ಶಾಲೆಯ ವಿಚಾರವೂ ಒಂದೇ ಕಚೇರಿಯ ಮೇಜಿನ ಮೇಲೆ ಬಂದು ಕುಳಿತವು. ಯಾವ ಕಡತ ಮೇಲಿರುತ್ತದೆ, ಯಾವುದು ಅಡಿಯಲ್ಲಿ ಉಳಿಯುತ್ತದೆ ಎಂಬುದನ್ನು ಓದುಗರೇ ಊಹಿಸಬಹುದು.

ಮೇಜಿನ ಮುಂದೆ ಕುಳಿತವರು

ಸಿ.ಎಸ್.ಐ. ವ್ಯವಸ್ಥೆಯಲ್ಲಿ ಸಭಾಪ್ರಾಂತದ ಪರಿಷತ್ತಿಗೆ ಬಿಷಪ್ ಅಧ್ಯಕ್ಷರು. ಸಾಮಾನ್ಯವಾಗಿ ಪ್ರಮುಖ ಶಾಲಾ ಕಾಲೇಜುಗಳ ಆಡಳಿತ ಮಂಡಳಿಗಳಿಗೂ ಅವರೇ ಅಧ್ಯಕ್ಷರು. ಕಾರ್ಯದರ್ಶಿ, ಖಜಾಂಚಿ ಮೊದಲಾದವರು ಚುನಾಯಿತರು. ಆಸ್ತಿಯೆಲ್ಲ ಇರುವುದು 1947ರಲ್ಲಿ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಿ.ಎಸ್.ಐ. ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿ. ಅಂದರೆ ಹಳ್ಳಿಯೊಂದರ ಶಾಲೆಯ ಮಾಡಿಗೆ ಹೆಂಚು ಹೊದಿಸುವುದಕ್ಕೂ, ಅದರ ಮುಂದಿನ ಮೈದಾನದ ಗತಿ ಏನಾಗಬೇಕೆಂಬುದಕ್ಕೂ ತೀರ್ಮಾನ ಆಗಬೇಕಾದದ್ದು ಊರಿನಾಚೆ. ಆಧ್ಯಾತ್ಮಿಕ ಹೊಣೆ, ಆಸ್ತಿಯ ಹೊಣೆ, ಚುನಾವಣೆಯ ರಾಜಕೀಯ, ಶಿಕ್ಷಣದ ಹೊಣೆ ಎಲ್ಲವೂ ಒಂದೇ ಹೆಗಲಿಗೆ ಬಿದ್ದಾಗ ಕೊನೆಯದಕ್ಕೆ ಸಿಗುವ ಸಮಯ ಎಷ್ಟು? ಈ ಸಭೆಯ ಅತ್ಯುನ್ನತ ಮಂಡಳಿಯಾದ ಸಿನಾಡ್‌ನ ಚುನಾವಣಾ ವಿವಾದ ನ್ಯಾಯಾಲಯದ ಮೆಟ್ಟಿಲೇರಿ, 2024ರಲ್ಲಿ ಮದ್ರಾಸ್ ಹೈಕೋರ್ಟ್ ಅದರ ಆಡಳಿತ ನೋಡಿಕೊಳ್ಳಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಬೇಕಾಗಿ ಬಂದದ್ದನ್ನು ನೆನೆದರೆ ಈ ಪ್ರಶ್ನೆ ಬರಿಯ ಕುಹಕವಲ್ಲವೆಂದು ತಿಳಿಯುತ್ತದೆ.

ಇಂಗ್ಲೆಂಡಿನತ್ತ ಒಮ್ಮೆ ನೋಡುವುದು ಉಪಯುಕ್ತ. ಅಲ್ಲಿನ ಆಂಗ್ಲಿಕನ್ ಸಭೆ ಸುಮಾರು 4,600 ಶಾಲೆಗಳೊಂದಿಗೆ ಸಂಬಂಧ ಹೊಂದಿದೆ. ಸುಮಾರು 10 ಲಕ್ಷ ಮಕ್ಕಳು ಅವುಗಳಲ್ಲಿ ಓದುತ್ತಾರೆ. ‘ಚರ್ಚ್ ಶಾಲೆ’ ಎಂದರೆ ಅಲ್ಲಿಯವರ ಕಣ್ಣೆದುರು ಬರುವುದು ಶ್ರೀಮಂತರ ವಸತಿ ಶಾಲೆಯಲ್ಲ, ಊರಿನ ಪ್ರಾಥಮಿಕ ಶಾಲೆ. ಸರ್ಕಾರದ ಹಣದಿಂದ ನಡೆಯುವ, ಶುಲ್ಕವಿಲ್ಲದ, ಊರ ಮಕ್ಕಳು ಊರ ಮಾತಿನಲ್ಲಿ ಕಲಿಯುವ ಶಾಲೆ. ಬಡವರ ಮಕ್ಕಳಿಗಾಗಿ ಇಂಥ ಶಾಲೆಗಳನ್ನು ಕಟ್ಟಲು 1811ರಲ್ಲಿ ಒಂದು ಸಂಘ ಸ್ಥಾಪನೆಯಾಯಿತು. 1944ರ ಶಿಕ್ಷಣ ಕಾಯ್ದೆ ಅವುಗಳನ್ನು ಸರ್ಕಾರಿ ವ್ಯವಸ್ಥೆಯೊಳಗೆ ಭದ್ರಪಡಿಸಿತು. ಮುಖ್ಯವಾದ ಮಾತು ಇದು: ಅಲ್ಲಿ ಪ್ರತಿ ಸಭಾಪ್ರಾಂತಕ್ಕೂ ಒಂದು ಶಿಕ್ಷಣ ಮಂಡಳಿ ಇರಲೇಬೇಕೆಂದು ಸಭೆಯ ಶಾಸನವೇ ಹೇಳುತ್ತದೆ. 1991ರ ಶಾಸನವನ್ನು 2021ರಲ್ಲಿ ಪರಿಷ್ಕರಿಸಲಾಗಿದೆ. ಆ ಮಂಡಳಿಗೆ ಪೂರ್ಣಾವಧಿಯ ಶಿಕ್ಷಣ ನಿರ್ದೇಶಕರಿರುತ್ತಾರೆ. ಅವರು ಸಾಮಾನ್ಯವಾಗಿ ಶಾಲೆಗಳಲ್ಲಿ ದುಡಿದು ಬಂದವರು. ಮುಖ್ಯೋಪಾಧ್ಯಾಯರ ನೇಮಕಕ್ಕೆ ಸಲಹೆ, ಸಣ್ಣ ಹಳ್ಳಿ ಶಾಲೆಗಳ ಉಳಿವು, ಕಟ್ಟಡ, ತರಬೇತಿ ಇವೇ ಅವರ ಕೆಲಸ. ಬಿಷಪ್ ಇರುತ್ತಾರೆ, ಆದರೆ ಶಾಲೆಯ ದಿನನಿತ್ಯದ ಜವಾಬ್ದಾರಿಗೆ ಬೇರೆಯೇ ವ್ಯಕ್ತಿ ಇರುತ್ತಾರೆ.

ಇಲ್ಲೊಂದು ವ್ಯಂಗ್ಯವಿದೆ. ಇಂಗ್ಲೆಂಡಿನ ಆಂಗ್ಲಿಕನ್ ಶಾಲೆಗೆ ನಿಜವಾಗಿ ಹತ್ತಿರವಾದದ್ದು ಬೆಂಗಳೂರಿನ ಬಿಷಪ್ ಕಾಟನ್ ಅಲ್ಲ, ಮೆಥಡಿಸ್ಟರ ಗುಬ್ಬಿಯ ಶಾಲೆ.

ಕೊಬ್ಬರಿ ಮತ್ತು ಶುಲ್ಕ

ಇನ್ನು ತೆಂಗಿನ ನಾಡಿನ ಪೋಷಕರ ಮಾತು. ಇಲ್ಲಿನ ಉಂಡೆ ಕೊಬ್ಬರಿ ಅವಸರದ ಬೆಳೆಯಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಟ್ಟು, ಒಳಗಿನ ನೀರು ಬತ್ತಿ ತಿರುಳು ಬಿಟ್ಟುಕೊಂಡ ಮೇಲೆ ಸುಲಿದು, ಒಡೆದು ಮಾರುಕಟ್ಟೆಗೆ ತರಬೇಕು. ಒಂದು ಕ್ವಿಂಟಲಿಗೆ ಆರೇಳು ನೂರು ಕಾಯಿ ಬೇಕು. ಈ ಜೂನ್‌ನಲ್ಲಿ ಕಟ್ಟುವ ಶಾಲೆಯ ಶುಲ್ಕ ಕಳೆದ ವರ್ಷದ ಮರದಿಂದ ಬಂದದ್ದು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿದರು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದರೆ ಮಾರುಕಟ್ಟೆಯ ದರ ಅದರ ಎರಡು ಪಟ್ಟನ್ನೂ ದಾಟಿತು. ಒಂದೇ ಮನೆಯ ಅಣ್ಣ ಕನ್ನಡ ಶಾಲೆಯಲ್ಲೂ ತಮ್ಮ ಕಾನ್ವೆಂಟಿನಲ್ಲೂ ಓದುತ್ತಿದ್ದರೆ ಅದರ ಹಿಂದೆ ಭಾಷಾ ನೀತಿಯೇ ಇರಬೇಕಿಲ್ಲ, ಎರಡು ವರ್ಷಗಳ ಕೊಬ್ಬರಿ ದರವೂ ಇರಬಹುದು.

ಈ ಏರಿಳಿತಕ್ಕೆ ಸಿಗದೆ ಉಳಿಯುವುದು ಅನುದಾನಿತ ಶಾಲೆ. ಅಲ್ಲಿ ಶಿಕ್ಷಕರ ಸಂಬಳ ಸರ್ಕಾರದ್ದು; ಬಿಸಿಯೂಟ, ಪಠ್ಯಪುಸ್ತಕ, ಹಾಲು ಮಕ್ಕಳಿಗೆ ಸಿಗುತ್ತವೆ. ಚರ್ಚ್ ನಡೆಸುವ ಹಳೆಯ ಕನ್ನಡ ಶಾಲೆಗಳು ಹೆಚ್ಚಾಗಿ ಈ ವರ್ಗದವು. ಆದರೆ ಆ ಶಾಲೆಗಳನ್ನು ಎರಡು ಕಡೆಯಿಂದಲೂ ಒತ್ತಲಾಗುತ್ತಿದೆ. ನಿವೃತ್ತಿಯಿಂದ ತೆರವಾದ ಹುದ್ದೆ ತುಂಬಲು ಆರ್ಥಿಕ ಇಲಾಖೆಯ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮಕ್ಕಳ ಸಂಖ್ಯೆ ಕುಸಿದು ಹುದ್ದೆಯೇ ರದ್ದಾಗುವ ಸ್ಥಿತಿ ಬರುತ್ತದೆ. ಇನ್ನೊಂದೆಡೆ ಸರ್ಕಾರವೇ 2019ರಲ್ಲಿ ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭಿಸಿತು. ಕನ್ನಡ ಮಾಧ್ಯಮದ ಅನುದಾನಿತ ಶಾಲೆಗೆ ಈಗ ಪೈಪೋಟಿ ಖಾಸಗಿಯವರಿಂದ ಮಾತ್ರವಲ್ಲ. ಇಂಥ ಶಾಲೆಯ ಖಾಲಿ ಕೊಠಡಿಯಲ್ಲಿ ಅನುದಾನರಹಿತ ಇಂಗ್ಲಿಷ್ ವಿಭಾಗ ತೆರೆಯುವುದು ಯಾವುದೇ ಆಡಳಿತ ಮಂಡಳಿಗೆ ಸುಲಭದ ದಾರಿ. ಸುಲಭ ಎಂಬುದೇ ಅದರ ದೋಷ. ಶುಲ್ಕ ಕೊಡಬಲ್ಲವರು ಒಂದು ಬಾಗಿಲಿನಲ್ಲಿ, ಕೊಡಲಾರದವರು ಇನ್ನೊಂದು ಬಾಗಿಲಿನಲ್ಲಿ ಒಳಬರುವ ಶಾಲೆಯಲ್ಲಿ ಎರಡನೆಯ ಬಾಗಿಲು ಹೆಚ್ಚು ಕಾಲ ತೆರೆದಿರುವುದಿಲ್ಲ.

ಈ ಜಿಲ್ಲೆಯಲ್ಲಿ ಧಾರ್ಮಿಕ ಸಂಸ್ಥೆ ನಡೆಸುವ ಶಿಕ್ಷಣಕ್ಕೆ ಹೋಲಿಕೆ ಹುಡುಕಬೇಕಾದರೆ ದೂರ ಹೋಗಬೇಕಿಲ್ಲ. ಸಿದ್ಧಗಂಗೆಯಲ್ಲಿ 1917ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆ, 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳ ಉಚಿತ ವಸತಿ ಶಿಕ್ಷಣವಾಗಿ ಬೆಳೆಯಿತು. ಅಲ್ಲಿಯೂ ಎಲ್ಲ ಹೊಣೆ ಪೀಠಾಧಿಪತಿಗಳದ್ದೇ. ಹಾಗಾದರೆ ಒಬ್ಬರ ಕೈಯಲ್ಲಿ ಎಲ್ಲವೂ ಇರುವುದು ತಪ್ಪೇ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಇರುವುದು ಬೇರೆ ಕಡೆ. ಮಠದ ದಾಸೋಹಕ್ಕೆ ಅಕ್ಕಿ, ರಾಗಿ, ಕಾಯಿ ಹೋಗುವುದು ಸುತ್ತಲ ಹಳ್ಳಿಗಳಿಂದಲೇ; ಕೊಟ್ಟವರಿಗೆ ಕೇಳುವ ಹಕ್ಕು ತಾನಾಗಿ ಬರುತ್ತದೆ. ಚರ್ಚಿನ ಸ್ಥಿತಿ ಹಾಗಲ್ಲ. ತುಮಕೂರು ಸೀಮೆಯ ಕ್ರೈಸ್ತರು ಸಂಖ್ಯೆಯಲ್ಲಿ ಕಡಿಮೆ, ಅವರಲ್ಲಿ ಬಹಳಷ್ಟು ಮಂದಿ ಬಡವರು. 1950ರ ರಾಷ್ಟ್ರಪತಿ ಆದೇಶದ ಕಾರಣ ದಲಿತ ಮೂಲದ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸವಲತ್ತಿಲ್ಲ. ರಾಜ್ಯದ ಪಟ್ಟಿಯಲ್ಲಿ ಅವರನ್ನು ಪ್ರವರ್ಗ 1ರಲ್ಲಿ ಇಡಲಾಗಿದೆ. ಚರ್ಚ್ ಶಾಲೆಯ ಮೇಲೆ ಅತಿ ಹೆಚ್ಚು ಅವಲಂಬಿತರಾದ ಇವರಿಗೆ ಬೆಂಗಳೂರಿನ ಪರಿಷತ್ತಿನಲ್ಲಿ ದನಿ ಸಣ್ಣದು. ಶಾಲೆಯಲ್ಲಿ ಓದುವ ಬಹುಸಂಖ್ಯಾತ ಕ್ರೈಸ್ತೇತರ ಮಕ್ಕಳ ಪೋಷಕರಿಗಂತೂ ಅಲ್ಲಿ ದನಿಯೇ ಇಲ್ಲ.

ರಿಯಾಯಿತಿಯ ಲೆಕ್ಕ

ಈಗ ಕಾನೂನಿಗೆ ಬರೋಣ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎರಡು ತೀರ್ಪುಗಳನ್ನು ನೀಡಿತು. ಒಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂಬುದು. ಕರ್ನಾಟಕದ 1994ರ ಭಾಷಾ ನೀತಿ ಅಲ್ಲಿಗೆ ಮುಗಿಯಿತು. ಇನ್ನೊಂದು, ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ, ಅನುದಾನಿತವಾಗಲಿ ಅನುದಾನರಹಿತವಾಗಲಿ, ಅಲ್ಪಸಂಖ್ಯಾತ ಶಾಲೆಗಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂಬುದು. ಮೊದಲ ತೀರ್ಪು ರಾಜ್ಯದಲ್ಲಿ ದೊಡ್ಡ ಸುದ್ದಿಯಾಯಿತು, ಎರಡನೆಯದು ಆಗಲಿಲ್ಲ. ಆದರೆ ಚರ್ಚ್ ಶಾಲೆಯ ದೃಷ್ಟಿಯಿಂದ ಎರಡನ್ನೂ ಒಟ್ಟಿಗೆ ಓದಬೇಕು: ಒಂದೇ ದಿನ ಅದಕ್ಕೆ ಕನ್ನಡದ ಕಡ್ಡಾಯದಿಂದಲೂ, ಬಡ ಮಕ್ಕಳಿಗೆ ಶೇಕಡಾ 25 ಸೀಟು ಕೊಡುವ ಕಡ್ಡಾಯದಿಂದಲೂ ಬಿಡುಗಡೆ ಸಿಕ್ಕಿತು. ಗುಬ್ಬಿಯಲ್ಲಿ ಯಾರ ಕಡ್ಡಾಯವೂ ಇಲ್ಲದೆ ಮಾಡಿದ ಎರಡು ಕೆಲಸಗಳಿಂದ ಬಿಡುಗಡೆ.

ಸಂವಿಧಾನದ 30ನೇ ವಿಧಿಯ ಹಕ್ಕು ಅಮೂಲ್ಯವಾದದ್ದು. ಅಲ್ಪಸಂಖ್ಯಾತರ ಮೇಲೆ ಅನುಮಾನದ ಕಣ್ಣು ಹೆಚ್ಚುತ್ತಿರುವ ದಿನಗಳಲ್ಲಿ ಅದನ್ನು ಸಡಿಲಗೊಳಿಸುವ ಮಾತು ಅಪಾಯಕಾರಿ ಎಂಬ ಕಳವಳ ನ್ಯಾಯವಾದುದೇ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠವು ಈ ಹಕ್ಕನ್ನು ಎತ್ತಿಹಿಡಿಯುತ್ತಲೇ, ಶಿಕ್ಷಣದ ಮಟ್ಟ ಕಾಯಲು ಸರ್ಕಾರ ನಿಯಮ ಮಾಡಬಹುದೆಂದೂ ಹೇಳಿದೆ. ಧಾರ್ಮಿಕ ಬೋಧನೆಯ ವಿಚಾರದಲ್ಲಿ 28ನೇ ವಿಧಿ ಸ್ಪಷ್ಟವಾಗಿದೆ: ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವಿಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ. ಆದ್ದರಿಂದ ಚರ್ಚ್ ಶಾಲೆ ಎಂದೊಡನೆ ಮತಾಂತರದ ಮಾತೆತ್ತುವವರು ಕಾನೂನನ್ನೂ ಓದಿಲ್ಲ, ಈ ಸೀಮೆಯ ಇತಿಹಾಸವನ್ನೂ ಓದಿಲ್ಲ.

2025ರ ತೀರ್ಪು ಶಿಕ್ಷಕರ ಅರ್ಹತಾ ಪರೀಕ್ಷೆಯ ಕುರಿತೂ ಹೇಳಿದೆ. ಸೇವಾವಧಿ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಉತ್ತೀರ್ಣರಾಗಬೇಕು. ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರಿಗೆ ಇದು ಅನ್ವಯಿಸುವುದೇ ಎಂಬುದನ್ನು ಮಾತ್ರ ವಿಸ್ತೃತ ಪೀಠಕ್ಕೆ ಬಿಡಲಾಗಿದೆ. ಸಭಾಪ್ರಾಂತದ ಶಿಕ್ಷಣ ನಾಯಕತ್ವಕ್ಕೆ ಇದೊಂದು ನೇರ ಪರೀಕ್ಷೆ. ನ್ಯಾಯಾಲಯ ಏನು ಹೇಳುವುದೋ ನೋಡೋಣವೆಂದು ಕಾಯಬಹುದು. ಅಥವಾ ತೀರ್ಪು ಬರುವ ಮೊದಲೇ ತನ್ನ ಹಳ್ಳಿ ಶಾಲೆಗಳ ಶಿಕ್ಷಕರನ್ನು ತರಬೇತಿಗೆ ಕಳುಹಿಸಿ, ಬೆಂಗಳೂರಿನ ಶಾಲೆಗಳಲ್ಲಿ ಒಂದು ಪಾಲು ಸೀಟನ್ನು ತಾನಾಗಿಯೇ ಬಡ ಮಕ್ಕಳಿಗೆ ಮೀಸಲಿಡಬಹುದು. ಎರಡನೆಯದನ್ನು ಮಾಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಹಣದ ಪ್ರಶ್ನೆ ಬಂದೇ ಬರುತ್ತದೆ. ನಗರದ ಶಾಲೆಗಳ ಶುಲ್ಕದ ಒಂದಂಶವನ್ನು ಹಳ್ಳಿಯ ಕನ್ನಡ ಶಾಲೆಗಳ ನಿಧಿಗೆ ವರ್ಗಾಯಿಸಿ, ಅದರ ಲೆಕ್ಕವನ್ನು ಪ್ರತಿ ವರ್ಷ ಸಾರ್ವಜನಿಕರ ಮುಂದಿಡುವುದು ಅಸಾಧ್ಯವೇನಲ್ಲ. ಆ ನಿಧಿಯಿಂದ, ಸರ್ಕಾರ ತುಂಬದ ಹುದ್ದೆಗೆ ತಾತ್ಕಾಲಿಕ ಶಿಕ್ಷಕರನ್ನು ನೇಮಿಸಿದರೆ ಕನ್ನಡ ಮಾಧ್ಯಮದಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬಹುದು. ಪೋಷಕರು ಕೇಳುತ್ತಿರುವುದು ಬಹುಮಟ್ಟಿಗೆ ಅದನ್ನೇ. ಆದರೆ ಇದಕ್ಕೆ ಮೊದಲು ಶಿಕ್ಷಣಕ್ಕೆಂದೇ ಒಬ್ಬ ಪೂರ್ಣಾವಧಿಯ ಹೊಣೆಗಾರರು ಬೇಕು: ಪರಿಷತ್ತಿನ ಚುನಾವಣೆಯೊಂದಿಗೆ ಬದಲಾಗದವರು, ಪಾಠ ಹೇಳಿ ಅಭ್ಯಾಸವಿರುವವರು, ಬಿಇಒ ಕಚೇರಿಯ ಮೆಟ್ಟಿಲು ಹತ್ತಿ ಗೊತ್ತಿರುವವರು. ಪ್ರತಿ ಶಾಲೆಯ ಸಮಿತಿಯಲ್ಲಿ ಸಭಾಪಾಲಕರ ಜೊತೆ ಊರಿನ ಇಬ್ಬರು ಪೋಷಕರಾದರೂ, ಯಾವ ಧರ್ಮದವರೇ ಇರಲಿ, ಇರಬೇಕು. 1837ರಲ್ಲಿ ಲಂಡನ್ನಿನಿಂದ ಗುಬ್ಬಿಗೆ ಕಾಗದ ಬರಲು ತಿಂಗಳುಗಳೇ ಹಿಡಿಯುತ್ತಿದ್ದುದರಿಂದ ಅಲ್ಲಿದ್ದವರೇ ತೀರ್ಮಾನ ತೆಗೆದುಕೊಳ್ಳುತ್ತಿದ್ದರು. ಇಂದು ಬೆಂಗಳೂರಿನಿಂದ ತಿಪಟೂರಿಗೆ ರೈಲಿನಲ್ಲಿ ಮೂರು ತಾಸಿನೊಳಗೆ ಬರಬಹುದು.

ಹೊಸ ಶೈಕ್ಷಣಿಕ ವರ್ಷದ ದಾಖಲಾತಿ ಆರಂಭವಾಗುವುದು ಬೇಸಿಗೆಯಲ್ಲಿ, ಅಟ್ಟದಲ್ಲಿರುವ ಕಾಯಿಯನ್ನು ಈಗಲೇ ಇಳಿಸುವುದೋ ಇನ್ನೊಂದು ತಿಂಗಳು ಕಾಯುವುದೋ ಎಂದು ಬೆಳೆಗಾರ ಲೆಕ್ಕ ಹಾಕುತ್ತಿರುವ ಹೊತ್ತಿನಲ್ಲಿ. ಒಂದನೇ ತರಗತಿಗೆ ಎಷ್ಟು ಮಕ್ಕಳು ಬಂದರು ಎಂಬುದರ ಮೇಲೆಯೇ ಅನುದಾನಿತ ಶಾಲೆಯೊಂದರ ಮುಂದಿನ ಹುದ್ದೆಗಳು ನಿಲ್ಲುತ್ತವೆ. ವಿಸ್ತೃತ ಪೀಠದ ತೀರ್ಪಿಗಾಗಿ ಆ ಲೆಕ್ಕ ಕಾಯುವುದಿಲ್ಲ.